ಸಿಡ್ನಿಯೋ ಸ್ಯಾನ್ ಫ್ರಾನ್ಸಿಸ್ಕೋವೋ, ಊರಿಗೆ ಯಾವುದು ಹತ್ತಿರ?

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆಯವರೊಬ್ಬರು ಕೇಳಿದ್ದಾರೆ: ಎರಡೂ ಕಡೆ ಕೆಲಸ ಸಿಗುವ ಹಾಗಿದೆ, ಮಗುವಿಗೆ ಒಂದೂವರೆ ವರ್ಷ, ಎಲ್ಲಿ ನೆಲೆಸಿದರೆ ಊರಿಗೆ ಹೋಗಿ ಬರಲು ಸುಲಭ?

ಕಿಲೋಮೀಟರ್ ಲೆಕ್ಕದಲ್ಲಿ ಉತ್ತರ ಒಂದೇ, ಸಿಡ್ನಿ. ಬೆಂಗಳೂರಿಂದ ಸಿಡ್ನಿ ಸುಮಾರು 9,350, ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000. ನೇರ ವಿಮಾನವಾದರೆ ಸಿಡ್ನಿಗೆ 12 ಗಂಟೆ ಆಸುಪಾಸು, ಸ್ಯಾನ್ ಫ್ರಾನ್ಸಿಸ್ಕೋಗೆ 16-17. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಉತ್ತರ ಧ್ರುವದ ಮೇಲೆಯೇ ಬಂದದ್ದು ನೆನಪಿದೆಯಾ? ಗೋಡೆಯ ನಕಾಶೆಯಲ್ಲಿ ಸುತ್ತು ದಾರಿ ಅನಿಸುತ್ತದೆ. ಭೂಮಿ ಗುಂಡಗಲ್ವಾ, ಅದೇ ಹತ್ತಿರ.

ಆದರೆ ನಮ್ಮ ಊರು ಬೆಂಗಳೂರಲ್ಲ. ಅಲ್ಲಿ ಇಳಿದು, ಇಮಿಗ್ರೇಶನ್ ಮುಗಿಸಿ, ಬ್ಯಾಗೆಲ್ಲ ತೆಗೆದು, ಕಸ್ಟಮ್ಸ್ ದಾಟಿ, ಮಂಗಳೂರಿಗೆ ಮತ್ತೆ ಕೊಡಬೇಕು. ಹಾರುವುದು ಒಂದು ಗಂಟೆ, ಕಾಯುವುದು ನಾಲ್ಕು. ಮಂಗಳೂರಿನ ವಿಮಾನ ನಿಲ್ದಾಣ ಇರುವುದು ಬಜಪೆಯಲ್ಲಿ; ಅದರ ರನ್‌ವೇ ಗುಡ್ಡದ ತಲೆಯ ಮೇಲೆ, ಸುಮಾರು 2,450 ಮೀಟರ್. ಅಷ್ಟು ದೂರದ ದೊಡ್ಡ ವಿಮಾನ ಅಲ್ಲಿಗೆ ಬರುವುದಿಲ್ಲ. ಗಲ್ಫಿನವರ ಪುಣ್ಯ, ದುಬೈಯಿಂದ ನಾಲ್ಕು ಗಂಟೆಯೊಳಗೆ ಬಜಪೆ. ಕಾಸರಗೋಡಿನ ತೆಂಕಣ ಹೊಸದುರ್ಗ, ನೀಲೇಶ್ವರದವರಿಗೆ 2018ರಿಂದ ಕಣ್ಣೂರು ವಿಮಾನ ನಿಲ್ದಾಣವೂ ಇದೆ. ಬೆಂಗಳೂರಲ್ಲಿ ಸಂಜೆಯ ವಿಮಾನ ತಪ್ಪಿತೋ, ಕಣ್ಣೂರು ರೈಲು ಹತ್ತಿ ರಾತ್ರಿಯಿಡೀ ಘಟ್ಟ ಇಳಿಯಬೇಕು. ಸಿಡ್ನಿಯಿಂದ ಬಂದಷ್ಟೇ ಹೊತ್ತು!

ನಾನು ಸಿಡ್ನಿಯವಳು, ಸ್ವಲ್ಪ ಪಕ್ಷಪಾತ ಇದ್ದೀತು. ಆದರೂ ಹೇಳುತ್ತೇನೆ, ಮಕ್ಕಳಿದ್ದರೆ ಪ್ರಯಾಣದ ಗಂಟೆಗಿಂತ ಗಡಿಯಾರದ ಅಂತರ ಮುಖ್ಯ. ಇಲ್ಲಿಗೂ ಊರಿಗೂ ನಾಲ್ಕೂವರೆ ಗಂಟೆ, ಇಲ್ಲಿಯ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದರಿಂದ ಐದೂವರೆ. ಮಗಳು ಶಾಲೆ ಬಿಟ್ಟು ಬರುವಾಗ ನಮ್ಮೂರು ಪೆರ್ಲದಲ್ಲಿ ಬೆಳಿಗ್ಗೆ ಹತ್ತು, ಹತ್ತೂವರೆ. ಅಜ್ಜಿ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಬಸಳೆ ಹೆಚ್ಚುತ್ತಾ ಕೂತಿರುತ್ತಾರೆ. "ಎಂತ ತಿಂದೆ?" ಅಂತ ಶುರುವಾದರೆ ಸಾಂಬಾರು ಕುದಿಯುವವರೆಗೆ ಮಾತು. ಅವಳಿಗೆ ಕನ್ನಡ ಬಂದದ್ದು ಭಾನುವಾರದ ಕ್ಲಾಸಿಗಿಂತ ಜಾಸ್ತಿ ಈ ಮಾತಿಂದಲೇ. ಕ್ಯಾಲಿಫೋರ್ನಿಯಾದಲ್ಲಿ ಅಂತರ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ. ಶಾಲೆ ಬಿಡುವಾಗ ಊರಲ್ಲಿ ಇನ್ನೂ ಬೆಳಗಾಗಿರುವುದಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಇಲ್ಲವೇ ನಿದ್ದೆಗಣ್ಣಲ್ಲಿ ಮಾತಾಡಬೇಕು.

ರಜೆಯನ್ನೂ ನೋಡಿ. ಅಮೆರಿಕದ ಉದ್ದ ರಜೆ ಜೂನ್‌ನಿಂದ ಆಗಸ್ಟ್. ಅಷ್ಟು ಹೊತ್ತಿಗೆ ಆಟ-ಕೋಲಗಳ ಕಾಲ ಮುಗಿಯುವ ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ಆಗಿರುತ್ತದೆ, ಭೂತಕೋಲವೂ ಇಲ್ಲ. ಮಕ್ಕಳು ಜಗಲಿಯಲ್ಲಿ ಕೂತು ಮಳೆ ನೋಡಬೇಕಷ್ಟೆ. ಇಲ್ಲಿಯ ದೊಡ್ಡ ರಜೆ ಡಿಸೆಂಬರ್-ಜನವರಿ. ಯಕ್ಷಗಾನದ ಆಟ ಉಂಟು, ಕುಂಬಳೆ ದೇವಸ್ಥಾನದ ಜಾತ್ರೆಯ ಬೆಡಿ (ಸಿಡಿಮದ್ದು) ಉಂಟು, ತೋಟದಲ್ಲಿ ಓಡಾಡಬಹುದು. ಟಿಕೆಟ್ ರೇಟು ಮಾತ್ರ ಕೇಳಬೇಡಿ, ಕ್ರಿಸ್‌ಮಸ್ ಸೀಸನ್.

ಮತ್ತೆ, ಎಲ್ಲಿಗೇ ಹೋಗಿ, ಊರಿಗೆ ಮೊದಲ ಸಲ ಹೋಗಿ ಬರುವುದನ್ನು ಮಗುವಿಗೆ ಎರಡು ತುಂಬುವ ಮೊದಲೇ ಮುಗಿಸಿ. ಆಮೇಲೆ ಮಡಿಲಲ್ಲಿ ಕೂರಿಸಲು ಬಿಡುವುದಿಲ್ಲ, ಬೇರೆ ಸೀಟೇ ಬೇಕು. ವಿಮಾನದಲ್ಲಿ ಮಗು ಮಲಗಿಸಲು ಕೊಡುವ ಬ್ಯಾಸಿನೆಟ್ ತೊಟ್ಟಿಲನ್ನು ನಂಬಬೇಡಿ. ಒಂದೂವರೆ ವರ್ಷದ ಮಗು ಅದರಲ್ಲಿ ಹಿಡಿಸುವುದು ಕಷ್ಟ, ತೂಕದ ಮಿತಿಯೂ ಇದೆ.