ನಾನ್‌ಬ್ಲಾಕಿಂಗ್ ಪೈಪ್: ಚೈಲ್ಡ್ ಪ್ರೋಸೆಸ್ ಒಮ್ಮೆ ಬೇಗ ಸಾಯುತ್ತದೆ, ಒಮ್ಮೆ ಮುಗಿಯುವುದೇ ಇಲ್ಲ

ಪ್ರಶ್ನೆ (ಕೋಲಾರ)

ನಮಸ್ಕಾರ. ಇಲ್ಲಿನ ಒಂದು ಟೊಮೆಟೊ ಮಂಡಿಗಾಗಿ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ, ಹರಾಜಾದ ಪ್ರತಿ ಲಾಟಿನ ಬಾಕ್ಸ್ ಲೆಕ್ಕ ಮತ್ತು ದರವನ್ನು ಒಂದು ಪೈಪ್ (ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯಲ್ಲಿ ಓದುವ ದಾರಿ) ಮೂಲಕ, ತಾನೇ ಹುಟ್ಟಿಸಿದ, ಚೀಟಿ ಮುದ್ರಿಸುವ ಚೈಲ್ಡ್ ಪ್ರೋಸೆಸ್‌ಗೂ ಇನ್ನೊಂದರ ಮೂಲಕ ದರದ ಬೋರ್ಡ್ ನಡೆಸುವ ಚೈಲ್ಡ್‌ಗೂ ಕಳಿಸುತ್ತದೆ. ಪ್ರಿಂಟರಿನಲ್ಲಿ ಕಾಗದ ಮುಗಿದರೂ ಹರಾಜು ನಿಲ್ಲಬಾರದೆಂದು ಪೈಪ್ ತೆರೆಯುವ ಪೈಪ್2 ಕರೆಗೆ ಓ_ನಾನ್‌ಬ್ಲಾಕ್ (ಕಾಯದೆ ತಕ್ಷಣ ಮರಳು ಎನ್ನುವ ಫ್ಲ್ಯಾಗ್) ಕೊಟ್ಟೆ. ಆಗ ಮುದ್ರಿಸುವ ಪ್ರೋಗ್ರಾಂ ಮೊದಲ ಚೀಟಿಗೂ ಮುಂಚೆಯೇ ಇಎಗೇನ್ (ಈಗ ಆಗದು, ಮತ್ತೆ ಪ್ರಯತ್ನಿಸು) ದೋಷ ತೋರಿಸಿ ನಿಂತಿತು. ಫ್ಲ್ಯಾಗ್ ತೆಗೆದರೆ ಆ ದೋಷ ಹೋಗುತ್ತದೆ, ಆದರೆ ಸಂಜೆ ನಾನು ಪೈಪ್ ಮುಚ್ಚಿದ ಮೇಲೂ ಅದು ಮುಗಿಯದೆ ಹಾಗೇ ಕೂತಿರುತ್ತದೆ. ಇದೇ ಕೋಡ್ ಸ್ನೇಹಿತರ ಮ್ಯಾಕ್‌ನಲ್ಲಿ ಕಂಪೈಲ್ ಕೂಡ ಆಗಲಿಲ್ಲ.

ಉತ್ತರ 1 (ತುಮಕೂರು)

ಇವು ಎರಡು ಬೇರೆ ತೊಂದರೆಗಳು. ಓ_ನಾನ್‌ಬ್ಲಾಕ್ ಡಿಸ್ಕ್ರಿಪ್ಟರ್ ಸಂಖ್ಯೆಗೆ (ತೆರೆದ ಕಡತ ಅಥವಾ ಪೈಪ್ ತುದಿಯನ್ನು ಪ್ರೋಗ್ರಾಂ ಗುರುತಿಸುವ ಸಂಖ್ಯೆ) ಅಂಟಿದ್ದಲ್ಲ, ಆ ಸಂಖ್ಯೆ ಸೂಚಿಸುವ, ಕರ್ನಲ್ ಒಳಗಿನ ತೆರೆದ ಕಡತದ ದಾಖಲೆಗೆ ಸೇರಿದ್ದು. ಆದ್ದರಿಂದ ಫೋರ್ಕ್ ಮಾಡಿ ಚೈಲ್ಡ್ ಹುಟ್ಟಿಸಿದರೂ, ಡಪ್2 ಮೂಲಕ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ನಕಲಿಸಿದರೂ ಅದು ಜೊತೆಗೇ ಹೋಗುತ್ತದೆ. ಪೈಪ್2 ಅದನ್ನು ಎರಡೂ ತುದಿಗಳಿಗೆ ಹಾಕಿದ್ದರಿಂದ, ಓದುವಾಗ ಕಾಯಬಹುದೆಂದು ನಂಬಿದ್ದ ನಿಮ್ಮ ಚೈಲ್ಡ್ ಖಾಲಿ ಪೈಪ್ ಕಂಡು ಸತ್ತಿತು. ಎರಡು ತುದಿಗಳಿಗೆ ಪ್ರತ್ಯೇಕ ದಾಖಲೆಗಳಿವೆ. ನೀವು ಬರೆಯುವ ತುದಿಗೆ ಮಾತ್ರ ಎಫ್‌ಸಿಎನ್‌ಟಿಎಲ್ ಮೂಲಕ, ಹಳೆಯ ಫ್ಲ್ಯಾಗ್‌ಗಳನ್ನು ಉಳಿಸಿಕೊಂಡು, ಓ_ನಾನ್‌ಬ್ಲಾಕ್ ಸೇರಿಸಿ.

ಸಂಜೆಯ ತೊಂದರೆಗೆ ಕಾರಣ ಬಹುಶಃ ಬೋರ್ಡಿನ ಚೈಲ್ಡ್. ಅದು ನಂತರ ಹುಟ್ಟಿದ್ದರೆ ಮುದ್ರಣದ ಪೈಪಿನ ಬರೆಯುವ ತುದಿಯೂ ಅದರ ಕೈಯಲ್ಲಿ ಉಳಿದಿರುತ್ತದೆ, ಕೊನೆಯ ಬರೆಯುವ ತುದಿ ಮುಚ್ಚುವವರೆಗೆ ಓದುವವರಿಗೆ ಕಡತದ ಅಂತ್ಯ ಕಾಣುವುದಿಲ್ಲ. ಆದ್ದರಿಂದ ಪೈಪ್2 ಕರೆಗೆ ಓ_ಕ್ಲೋಎಕ್ಸೆಕ್ (ಚೈಲ್ಡ್ ಎಕ್ಸೆಕ್ ಕರೆದು ಹೊಸ ಪ್ರೋಗ್ರಾಂ ಶುರು ಮಾಡುವಾಗ ಡಿಸ್ಕ್ರಿಪ್ಟರ್ ತಾನಾಗಿ ಮುಚ್ಚಿಸುವ ಫ್ಲ್ಯಾಗ್) ಮಾತ್ರ ಕೊಡಿ. ಇದನ್ನು ಆಮೇಲೆ ಹಾಕಲು ಹೋದರೆ ನಡುವಿನ ಗಳಿಗೆಯಲ್ಲಿ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿಬಿಡಬಹುದು. ಡಪ್2 ಮಾಡಿದ ನಕಲಿಗೆ ಈ ಫ್ಲ್ಯಾಗ್ ಇರುವುದಿಲ್ಲವಾದ್ದರಿಂದ ಚೈಲ್ಡ್‌ನ ಇನ್‌ಪುಟ್ ತೆರೆದೇ ಇರುತ್ತದೆ.

ಉತ್ತರ 2 (ಚಿಕ್ಕಬಳ್ಳಾಪುರ)

ಮೇಲಿನದು ಸರಿ. ಪೈಪ್2 ಲಿನಕ್ಸ್‌ಗೆ 2008ರಲ್ಲಿ, 2.6.27ನೇ ಆವೃತ್ತಿಯಲ್ಲಿ ಬಂತು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಸಾಮಾನ್ಯವಾದ ಪಾಸಿಕ್ಸ್ ಮಾನದಂಡಕ್ಕೆ ಸೇರಿದ್ದು 2024ರಲ್ಲಷ್ಟೇ. ನಿಮ್ಮ ಸ್ನೇಹಿತರ ಮ್ಯಾಕ್‌ನಂತೆ ಅದಿಲ್ಲದ ಯಂತ್ರದಲ್ಲಿ ಸಾದಾ ಪೈಪ್ ಕರೆದು ಎರಡೂ ತುದಿಗಳಿಗೆ ಎಫ್‌ಸಿಎನ್‌ಟಿಎಲ್ ಮೂಲಕ ಎಫ್‌ಡಿ_ಕ್ಲೋಎಕ್ಸೆಕ್ (ಅದೇ ಕೆಲಸದ ಫ್ಲ್ಯಾಗ್) ಹಾಕಿ, ಆ ಭಾಗಕ್ಕೂ ಎಲ್ಲ ಫೋರ್ಕ್‌ಗಳಿಗೂ ಒಂದೇ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಬಿಡುವ ಬೀಗ) ಇಡಿ. ಯಾವುದಾದರೂ ಲೈಬ್ರರಿ ತಾನಾಗಿ ಫೋರ್ಕ್ ಮಾಡಿದರೆ ಈ ಬೀಗ ಕೆಲಸಕ್ಕೆ ಬಾರದು, ಅದು ನನಗೆ ಸಮಾಧಾನ ತರುವ ಪರಿಹಾರವಲ್ಲ.

ಲಿನಕ್ಸ್‌ನಲ್ಲಿ ಪೈಪಿನ ರೂಢಿಯ ಗಾತ್ರ 65,536 ಬೈಟ್. ಪೈಪ್_ಬಫ್ ಮಿತಿಯೊಳಗಿನ ಸಾಲು ಇಡಿಯಾಗಿ ಹೋಗುತ್ತದೆ ಅಥವಾ ಇಎಗೇನ್ ಬರುತ್ತದೆ, ಅರ್ಧ ಹೋಗುವುದಿಲ್ಲ. ಆ ಮಿತಿ ಲಿನಕ್ಸ್‌ನಲ್ಲಿ 4,096, ಪಾಸಿಕ್ಸ್ ಭರವಸೆ ಕೊಡುವುದು 512 ಮಾತ್ರ. ಓದುವವರಿಲ್ಲದ ಪೈಪಿಗೆ ಬರೆದಾಗ ಬರುವ ಸಿಗ್‌ಪೈಪ್ ಸಿಗ್ನಲ್ ಅನ್ನು ಕಡೆಗಣಿಸಲು ಮರೆಯಬೇಡಿ. ಇಲ್ಲದಿದ್ದರೆ ಮುದ್ರಿಸುವ ಚೈಲ್ಡ್ ಸತ್ತ ಮೇಲೆ ನೀವು ಬರೆಯುವ ಮೊದಲ ಸಾಲೇ ಮುಖ್ಯ ಪ್ರೋಗ್ರಾಂ ಅನ್ನೂ ಕೊಲ್ಲುತ್ತದೆ.

ಪ್ರಶ್ನೆ ಕೇಳಿದವರು

ಬೋರ್ಡಿನ ಪ್ರೋಸೆಸ್‌ನ ಪ್ರಾಕ್ ಕಡತಕೋಶದಲ್ಲಿ (ಲಿನಕ್ಸ್ ಪ್ರತಿ ಪ್ರೋಸೆಸ್‌ನ ವಿವರ ತೋರಿಸುವ ಜಾಗ) ಎಫ್‌ಡಿ, ಅಂದರೆ ತೆರೆದ ಡಿಸ್ಕ್ರಿಪ್ಟರ್‌ಗಳ ಪಟ್ಟಿ ನೋಡಿದೆ, ಮುದ್ರಣದ ಪೈಪಿನ ಸಂಖ್ಯೆಯೇ ಅಲ್ಲಿತ್ತು. ಓ_ಕ್ಲೋಎಕ್ಸೆಕ್ ಹಾಕಿದ ಮೇಲೆ ಅದು ಹೋಯಿತು, ಚೈಲ್ಡ್ ತಕ್ಷಣ ಮುಗಿಯುತ್ತಿದೆ. ಇಎಗೇನ್ ಬಂದ ಸಾಲುಗಳನ್ನು ಈಗ ಕ್ಯೂನಲ್ಲಿಟ್ಟು, ಪೋಲ್ ಕರೆ ಪೈಪಿನಲ್ಲಿ ಜಾಗವಿದೆ ಎಂದಾಗ ಕಳಿಸುತ್ತಿದ್ದೇನೆ.