ಪದಚರ್ಚೆ: ‘ಇಮೇಜ್ ಸೀಕ್ವೆನ್ಸ್’ ಎಂದರೆ ಸರಣಿಯೋ, ಅನುಕ್ರಮವೋ?

ಪ್ರಶ್ನೆ

ಬಲ್ಲವರಲ್ಲಿ ಒಂದು ಕೋರಿಕೆ. ಜೀವವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಚಿತ್ರಗಳನ್ನು ವಿಶ್ಲೇಷಿಸುವ ಇಮೇಜ್‌ಜೆ ಮತ್ತು ಫಿಜಿ ತಂತ್ರಾಂಶಗಳ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಸೂಕ್ಷ್ಮದರ್ಶಕದಿಂದ ಬಂದ ನೂರಾರು ಚಿತ್ರಗಳನ್ನು ಒಟ್ಟಿಗೆ ತೆರೆಯುವ ‘ಇಮೇಜ್ ಸೀಕ್ವೆನ್ಸ್’ ಆಜ್ಞೆಗೆ ಕರಡಿನಲ್ಲಿ ಒಂದು ಕಡೆ ‘ಚಿತ್ರಾನುಕ್ರಮ’, ಇನ್ನೊಂದು ಕಡೆ ‘ಚಿತ್ರಸರಣಿ’ ಎಂದಿದೆ. ಹೀಗೆ ಒಂದೇ ಕಿಟಕಿಯಲ್ಲಿ ಒಂದರ ಮೇಲೊಂದು ತೆರೆದ ಚಿತ್ರಗಳ ‘ಸ್ಟ್ಯಾಕ್’ ‘ರಾಶಿ’ಯಾಗಿದೆ, ‘ಫ್ರೇಮ್’ ‘ಚೌಕಟ್ಟು’ ಆಗಿದೆ. ಚಿತ್ರಗಳು ಹಿಂದುಮುಂದಾಗಿ ತೆರೆದುಕೊಂಡರೆ ಏನು ಮಾಡಬೇಕು ಎಂದು ಹೇಳುವ ಅಧ್ಯಾಯದಲ್ಲಂತೂ ಈ ಪದಗಳೇ ಓದುಗರನ್ನು ದಾರಿ ತಪ್ಪಿಸುತ್ತಿವೆ. ಯಾವುದನ್ನು ಉಳಿಸಿಕೊಳ್ಳಬಹುದು?

ಉತ್ತರ 1

‘ಚಿತ್ರಸರಣಿ’ ಉಳಿಸಿಕೊಳ್ಳಿ. ‘ಅನುಕ್ರಮ’ ತಪ್ಪು ಪದವಲ್ಲ, ಆದರೆ ಅದು ನಿಮಗೆ ಬೇರೆ ಕೆಲಸಕ್ಕೆ ಬೇಕು. ಈ ಆಜ್ಞೆಯಲ್ಲಿ ಅತಿ ಹೆಚ್ಚು ಕಾಡುವ ದೋಷವೇ ಕ್ರಮ ತಪ್ಪುವುದು. ಎರಡಕ್ಕೂ ಒಂದೇ ಪದ ಇಟ್ಟರೆ ‘ಚಿತ್ರಾನುಕ್ರಮದ ಅನುಕ್ರಮ ತಪ್ಪಿದೆ’ ಎಂದು ಬರೆಯಬೇಕಾಗುತ್ತದೆ. ‘ಸರಣಿಯ ಅನುಕ್ರಮ ತಪ್ಪಿದೆ’ ಎಂದರೆ ಮುಗಿಯಿತು.

ಕ್ರಮ ತಪ್ಪುವುದೇಕೆ ಎಂಬುದನ್ನೂ ಅಲ್ಲಿಯೇ ಬಿಡಿಸಿ ಹೇಳಿ. ಚಿತ್ರ ತೆಗೆದ ಗಳಿಗೆ ಯಾವುದೆಂದು ಈ ಆಜ್ಞೆ ನೋಡುವುದಿಲ್ಲ, ಕಡತದ ಹೆಸರನ್ನು ಮಾತ್ರ ನೋಡುತ್ತದೆ. ಹೆಸರುಗಳು ಕೋಶ_1, ಕೋಶ_2 ಎಂದು ಶುರುವಾಗಿ ಕೋಶ_120ರವರೆಗೆ ಹೋಗಿದ್ದರೆ, ಅಕ್ಷರ ಅಕ್ಷರ ಹೋಲಿಸುವ ಕ್ರಮದಲ್ಲಿ 1, 10, 100, 101 ಮೊದಲು ಬಂದು 2 ಬಹಳ ಹಿಂದೆ ಬೀಳುತ್ತದೆ. ಇದಕ್ಕೆ ‘ನಿಘಂಟು ಕ್ರಮ’ ಎನ್ನಬಹುದು. ‘ಅಕಾರಾದಿ’ ಪರಿಚಿತ ಪದವೇ, ಆದರೆ ಅಂಕಿಗಳ ವಿಷಯದಲ್ಲಿ ಆಭಾಸವಾಗುತ್ತದೆ. ಇದರ ಎದುರು ‘ಸಂಖ್ಯಾಕ್ರಮ’. ಆಮದು ಸಂವಾದಪೆಟ್ಟಿಗೆಯಲ್ಲಿ ‘ಸಾರ್ಟ್ ನೇಮ್ಸ್ ನ್ಯೂಮರಿಕಲಿ’ ಎಂಬುದಕ್ಕೆ ಗುರುತು ಹಾಕಿದರೆ ಸಂಖ್ಯಾಕ್ರಮ ಸಿಗುತ್ತದೆ. ಅದಕ್ಕಿಂತ ಗಟ್ಟಿ ಉಪಾಯವೆಂದರೆ ಚಿತ್ರ ತೆಗೆಯುವಾಗಲೇ ಹೆಸರಿಗೆ ಮುಂಸೊನ್ನೆ ಕೊಡುವುದು: 001, 002 ಹೀಗೆ. ಚಿತ್ರಗಳು 999 ದಾಟುವುದಿದ್ದರೆ ಮೊದಲೇ ನಾಲ್ಕು ಅಂಕಿ ಇಡಬೇಕು. ನಡುವೆ ಬದಲಿಸಿದರೆ ಮತ್ತೆ ಅದೇ ಪಾಡು. (ಕಡತದ ಹೆಸರಿಗೆ ಕನ್ನಡ ಅಂಕಿ ಹಾಕುವ ಉತ್ಸಾಹಿಗಳಿಗೆ: ಯೂನಿಕೋಡ್‌ನಲ್ಲಿ ೦ಯಿಂದ ೯ರವರೆಗಿನ ಅಂಕಿಗಳು ಸಾಲಾಗಿಯೇ ಇವೆ, ಹಾಗಾಗಿ ಮುಂಸೊನ್ನೆ ಇದ್ದರೆ ನಿಘಂಟು ಕ್ರಮದಲ್ಲೂ ಸರಿಯಾಗಿ ಕೂರುತ್ತವೆ. ಆದರೆ ಸಂಖ್ಯಾಕ್ರಮದ ಆಯ್ಕೆಯನ್ನು ನಂಬುವುದಾದರೆ 0–9 ಅಂಕಿಗಳನ್ನೇ ಬಳಸಿ.) ತೆರೆದ ಮೇಲೆ ಜಾರುಪಟ್ಟಿ ಎಳೆದು, ಚಿತ್ರದ ನೆತ್ತಿಯ ಮೇಲಿನ ಸಾಲಿನಲ್ಲಿ ‘12/600’ ಪಕ್ಕದಲ್ಲಿ ಬರುವ ಕಡತದ ಹೆಸರು ನೋಡಿದರೆ ಕ್ರಮ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ.

‘ರಾಶಿ’ ಖಂಡಿತ ಬೇಡ. ಕಣದಲ್ಲಿ ಸುರಿದ ಜೋಳದ ರಾಶಿಯಲ್ಲಿ ಹನ್ನೆರಡನೆಯ ಕಾಳು ಯಾವುದೆಂದು ಯಾರೂ ಕೇಳುವುದಿಲ್ಲ. ಸ್ಟ್ಯಾಕ್‌ನಲ್ಲಿ ಕೇಳುವುದೇ ಅದನ್ನು. ಬಣವೆ ಒಟ್ಟುವ ‘ಒಟ್ಟು’ ಹತ್ತಿರದ ಪದ, ಆದರೆ ‘ಒಟ್ಟು 600 ಚಿತ್ರ’ ಎಂದ ಕೂಡಲೇ ಮೊತ್ತದ ಅರ್ಥ ಅಡ್ಡ ಬರುತ್ತದೆ. ಪೇರಿಸು ಧಾತುವಿನಿಂದ ‘ಪೇರಿಕೆ’ ಮಾಡಬಹುದು. ‘ಸ್ಟ್ಯಾಕ್’ ಎಂದೇ ಬಿಟ್ಟರೂ ನಷ್ಟವಿಲ್ಲ, ಪರದೆಯ ಮೇಲೆ ಕಾಣುವುದು ಅದೇ.

‘ಚೌಕಟ್ಟು’ ಮಾತ್ರ ಅಪಾಯ. ಚಿತ್ರದ ಅಂಚನ್ನು ಕತ್ತರಿಸುವ ಪಾಠದಲ್ಲಿ ಆ ಪದ ಹೇಗೂ ಬೇಕು. ಜೊತೆಗೆ ಇಲ್ಲಿ ಸ್ಲೈಸ್ ಬೇರೆ, ಫ್ರೇಮ್ ಬೇರೆ: ಸ್ಲೈಸ್ ಎಂದರೆ ಆಳದಲ್ಲಿ ಒಂದು ಮಟ್ಟ, ಫ್ರೇಮ್ ಎಂದರೆ ಕಾಲದಲ್ಲಿ ಒಂದು ಕ್ಷಣ. ಸರಣಿ ತೆರೆದಾಗ ಇಮೇಜ್‌ಜೆ ಸಾಮಾನ್ಯವಾಗಿ ಎಲ್ಲವನ್ನೂ ಆಳವೆಂದು ಎಣಿಸುತ್ತದೆ. 600 ಕ್ಷಣಗಳ ಸರಣಿ 600 ಸ್ಲೈಸ್, 1 ಫ್ರೇಮ್ ಆಗಿಬಿಡುತ್ತದೆ. ಕೋಶಗಳ ಚಲನೆ ಹಿಂಬಾಲಿಸುವ ಟ್ರ್ಯಾಕ್‌ಮೇಟ್ ಆಳ ಮತ್ತು ಕಾಲವನ್ನು ಅದಲು ಬದಲು ಮಾಡಲೇ ಎಂದು ಕೇಳುವುದು ಇದಕ್ಕೇ. ಇಮೇಜ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಸ್ಲೈಸ್ 1, ಫ್ರೇಮ್ 600 ಎಂದು ತಿದ್ದಬೇಕು. ಎರಡಕ್ಕೂ ‘ಚೌಕಟ್ಟು’ ಎಂದಿದ್ದರೆ ಈ ಸೂಚನೆ ಬರೆಯುವುದಕ್ಕೇ ಆಗದು. ಸ್ಲೈಸ್‌ಗೆ ‘ಪದರ’, ಫ್ರೇಮ್‌ಗೆ ‘ಫ್ರೇಮ್’ ನನ್ನ ಆಯ್ಕೆ.

ಉತ್ತರ 2

‘ಸರಣಿ’ಗೆ ನನ್ನದೂ ಒಪ್ಪಿಗೆ. ‘ಪದರ’ಕ್ಕೆ ತಕರಾರಿದೆ. ಓದುವವರು ಜೀವವಿಜ್ಞಾನದವರು, ‘ಮೂರನೆಯ ಪದರ ನೋಡಿ’ ಎಂದರೆ ಚರ್ಮದ ಪದರ ಹುಡುಕುತ್ತಾರೆ. ‘ಅಡ್ಡಛೇದ’ ಅವರಿಗೆ ಗೊತ್ತಿರುವುದರಿಂದ ‘ಛೇದ’ ವಾಸಿ.

ಇನ್ನೊಂದು: ‘ವರ್ಚುವಲ್ ಸ್ಟ್ಯಾಕ್’ ಅನ್ನು ಯಾರಾದರೂ ‘ಮಿಥ್ಯ’ ಎಂದು ಅನುವಾದಿಸಿದರೆ ತಡೆಯಿರಿ. ಮಸೂರದ ಪಾಠದ ‘ಮಿಥ್ಯ ಪ್ರತಿಬಿಂಬ’ ಸೂಕ್ಷ್ಮದರ್ಶಕದ ಪುಸ್ತಕದಲ್ಲಿ ಬಂದೇ ಬರುತ್ತದೆ. ಇಲ್ಲಿನ ವರ್ಚುವಲ್ ಬೇರೆ: ಚಿತ್ರಗಳು ಡಿಸ್ಕಿನಲ್ಲೇ ಉಳಿದು, ನೋಡುತ್ತಿರುವುದು ಮಾತ್ರ ಮೆಮೊರಿಗೆ ಬರುತ್ತದೆ. 2048×2048ರ ಒಂದು 16-ಬಿಟ್ ಚಿತ್ರಕ್ಕೆ 8 ಎಂಬಿ, 600ಕ್ಕೆ 4,800 ಎಂಬಿ. ಅಷ್ಟು ಮೆಮೊರಿ ಇಲ್ಲದವರಿಗೆ ಇದೇ ಗತಿ. ಆದರೆ ಒಂದು ಛೇದದಲ್ಲಿ ಮಾಡಿದ ತಿದ್ದುಪಡಿ ಮುಂದಿನದಕ್ಕೆ ಹೋದೊಡನೆ ಅಳಿದುಹೋಗುತ್ತದೆ. ಇದನ್ನು ದಪ್ಪಕ್ಷರದಲ್ಲಿ ಹಾಕಿ.

ಮರುಪ್ರಶ್ನೆ

ತುಂಬ ಉಪಕಾರವಾಯಿತು. ‘ಛೇದ’ ಒಪ್ಪಿಕೊಂಡೆವು. ಎರಡು ಚಾನೆಲ್ (ಒಂದೊಂದು ಬಣ್ಣಕ್ಕೆ ಒಂದರಂತೆ) ಇರುವ ಸರಣಿಯನ್ನು ಹೈಪರ್‌ಸ್ಟ್ಯಾಕ್ (ಚಾನೆಲ್, ಆಳ, ಕಾಲಗಳನ್ನು ಬೇರೆ ಬೇರೆ ಗುರುತಿಸಿದ ಸ್ಟ್ಯಾಕ್) ಮಾಡುವಾಗ ತಂತ್ರಾಂಶ ಒಪ್ಪದಿದ್ದರೆ ಅದನ್ನು ‘ಗಾತ್ರ ದೋಷ’ ಎನ್ನಬಹುದೇ?

ಉತ್ತರ 1

ಬೇಡ. ಗಾತ್ರವೆಂದರೆ ಚಿತ್ರದ ಉದ್ದಗಲ ಎಂದುಕೊಳ್ಳುತ್ತಾರೆ. ಅಲ್ಲಿ ತಪ್ಪಿರುವುದು ಲೆಕ್ಕ: ಚಾನೆಲ್, ಛೇದ, ಫ್ರೇಮ್ ಮೂರರ ಗುಣಲಬ್ಧ ಸ್ಟ್ಯಾಕ್‌ನಲ್ಲಿರುವ ಚಿತ್ರಗಳ ಸಂಖ್ಯೆಗೆ ಸಮನಾಗಿರಬೇಕು. 2×10×30 ಆದರೆ 600. ಒಂದು ಕಡತ ಕಾಣೆಯಾಗಿ 599 ಇದ್ದರೂ ಒಪ್ಪದು. ‘ಎಣಿಕೆ ಹೊಂದಿಲ್ಲ’ ಎನ್ನಿ.

ಎಣಿಕೆ ಹೊಂದಿಯೂ ಬಣ್ಣಗಳು ಕಲಸಿಹೋಗಿದ್ದರೆ ಆಗ ನೋಡಬೇಕಾದ್ದು ‘ಆರ್ಡರ್’. ಮೊದಲೇ ಬರುವ ಆಯ್ಕೆಯಲ್ಲಿ ಚಾನೆಲ್ ಎಲ್ಲಕ್ಕಿಂತ ಬೇಗ ಬದಲಾಗುತ್ತದೆ, ನಂತರ ಛೇದ, ಕೊನೆಗೆ ಕಾಲ. ಕಡತದ ಹೆಸರು ಚಾನೆಲ್ಲಿನಿಂದಲೇ ಶುರುವಾಗಿದ್ದರೆ ಮೊದಲ ಚಾನೆಲ್ಲಿನ 300 ಮುಗಿದ ಮೇಲೆಯೇ ಎರಡನೆಯದರ 300 ಬರುತ್ತವೆ. ಅಂಥ ಸರಣಿಗೆ ಚಾನೆಲ್ ಕೊನೆಯಲ್ಲಿರುವ ಆಯ್ಕೆ ಬೇಕು. ಚಾನೆಲ್‌ಗೆ ಮಾತ್ರ ದಯವಿಟ್ಟು ‘ಕಾಲುವೆ’ ಎನ್ನಬೇಡಿ.