ರೋಹಿಣಿ ಹುಟ್ಟೈತೆ, ಸಂಡಿಗೆ ಆಸೆ ಮಾತ್ರ ಬಿಟ್ಟಿಲ್ಲ

ಅತ್ತಿಗೆ, ನಿಮ್ ಮೆಸೇಜ್ ನೋಡ್ದೆ. ಟೈಪ್ ಮಾಡಿದ್ರೆ ಊರುದ್ದ ಆಗ್ತೈತೆ, ಅದಕ್ಕೇ ಮಾತಾಡೇ ಕಳಿಸ್ತಿದೀನಿ. ಗ್ರೂಪ್‌ನಾಗೆ ಇರೋ ಎಲ್ರೂ ಕೇಳ್ರಿ, ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳೋದು ತಪ್ತೈತೆ. ಕೃತ್ತಿಕಾ ಮಳೆ ಮುಗಿದು ಮೇ ಕೊನೆಗೆ ರೋಹಿಣಿ ಮಳೆ ಹುಟ್ಟಿದ್ರೂ ನಮ್ ಚಿತ್ರದುರ್ಗದಾಗೆ ಬಿಸಿಲು ಹಂಗೇ ಐತೆ, ಇನ್ನೊಂದ್ ಸಲ ಸಂಡಿಗೆ ಹಾಕಣ, ಮೆಣಸಿನಕಾಯಿ ಇನ್ನೊಂದ್ ವಾರ ಮಾಳಿಗೆ ಮೇಲೇ ಇರ್ಲಿ, ಕೂಲರ್ ಈಗ್ಲೇ ಯಾಕೆ ಕಟ್ಟಿಡಬೇಕು ಅಂತ ಕೇಳಿದೀರಲ್ಲ. ಮೂರು ತಿಂಗಳು ಬಿಸಿಲಿಗೆ ಬೈದವರೇ ನಾವು, ಈಗ ಅದು ಹೊರಟು ನಿಂತ್ರೆ ಕೈ ಹಿಡ್ಕೊಂಡು ಜಗ್ತೀವಿ. ಇರ್ಲಿ. ಸಂಡಿಗೆ ಹಾಕ್ಬೋದು, ಆದ್ರೆ ಎಲ್ಲಾ ಥರದ್ದೂ ಅಲ್ಲ. ಮೆಣಸಿನಕಾಯಿ ಇವತ್ತೇ ಇಳಿಸ್ರಿ. ಕೂಲರ್‌ಗೆ ಇನ್ನೂ ಸ್ವಲ್ಪ ದಿನ ಐತೆ.

ಮೊದ್ಲು ಬಿಸಿಲಿನ ವಿಷ್ಯ. ಏಪ್ರಿಲ್‌ನಾಗೆ ಗಾಳಿ ಒಣಗಿರ್ತೈತೆ, ಬೆಳಗ್ಗೆ ಹಾಕಿದ್ದನ್ನ ಸಂಜೆಗೇ ಬಿಡಿಸಿ ತಿರುವಿ ಹಾಕ್ಬೋದು. ಈಗ ಬಿಸಿಲು ಚುರುಚುರು ಅಂದ್ರೂ ಗಾಳಿಯಾಗೆ ಪಸೆ ಐತೆ, ಮೂರು ಗಂಟೆ ದಾಟಿದ್ರೆ ಮೋಡ ಕಟ್ಟಿ ಗುಡುಗು ಶುರು. ಅಂದ್ರೆ ಕೈಗೆ ಸಿಗೋದು ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡೂವರೆ ತಂಕ. ಅರಳು ಸಂಡಿಗೆ, ಕುಂಬಳಕಾಯಿ ಸಂಡಿಗೆ, ಸೌಟಿನಾಗೆ ಹುಯ್ಯೋ ಸಬ್ಬಕ್ಕಿ ಸಂಡಿಗೆ, ಇವಕ್ಕೆಲ್ಲಾ ಮೂರು ದಿನ ಗಟ್ಟಿ ಬಿಸಿಲು ಬೇಕು. ಮೇಲೆ ಒಣಗಿದಂಗೆ ಕಂಡ್ರೂ ನಡುವೆ ಹಸಿ ಉಳೀತೈತೆ, ಒಂದು ದಿನ ಮೋಡ ಆದ್ರೆ ಹುಳಿ ವಾಸನೆ. ಅವನ್ನ ಈ ವರ್ಷಕ್ಕೆ ಮರೆತುಬಿಡ್ರಿ.

ಚಕ್ಕುಲಿ ಒರಳಿನಾಗೆ ಒತ್ತೋ ಎಳೆ ಸಂಡಿಗೆ ಹಾಕ್ರಿ. ಸಣ್ಣ ತೂತಿನ ಬಿಲ್ಲೆ, ಒಂದೇ ಸುತ್ತು, ಒಂದ್ರ ಮೇಲೆ ಒಂದು ಎಳೆ ಬೀಳ್ಬಾರ್ದು. ಎರಡು ಲೋಟ ಅಕ್ಕಿ ಹಿಟ್ಟಿಗೆ ಐದು ಲೋಟ ನೀರು. ಅದ್ರಾಗೆ ಒಂದೂವರೆ ಲೋಟ ತಣ್ಣೀರಿನಾಗೆ ಹಿಟ್ಟು ಗಂಟಿಲ್ಲದಂಗೆ ಕಲಸ್ಕೊಳ್ರಿ, ಉಳಿದ ಮೂರೂವರೆ ಲೋಟ ಕುದಿಯೋಕೆ ಇಡ್ರಿ. ಕುದಿಯೋ ನೀರಿಗೆ ನಾಕು ಹಸಿಮೆಣಸಿನಕಾಯಿ ಅರೆದದ್ದು, ಒಂದು ಚಮಚ ಜೀರಿಗೆ, ಚಿಟಿಕೆ ಇಂಗು, ಉಪ್ಪು. ಉಪ್ಪು ನಾಲಿಗೆಗೆ ಸ್ವಲ್ಪ ಕಮ್ಮಿ ಅನ್ನಿಸ್ಬೇಕು, ನೀರು ಆರಿದ ಮೇಲೆ ಅದೇ ಉಪ್ಪು ಜಾಸ್ತಿ ಆಗ್ತೈತೆ. ಕಲಸಿದ ಹಿಟ್ಟು ಹುಯ್ದು ಸಣ್ಣ ಉರಿಯಾಗೆ ಕೈಬಿಡದೆ ತಿರುವ್ರಿ. ಬಿಳುಪು ಹೋಗಿ ಹೊಳಪು ಬರ್ಬೇಕು, ಒದ್ದೆ ಕೈಲಿ ಮುಟ್ಟಿದ್ರೆ ಅಂಟ್ಬಾರ್ದು, ಅಲ್ಲೀತಂಕ ಇಳಿಸ್ಬ್ಯಾಡ್ರಿ. ಬೇಯದೆ ಇಳಿಸಿದ ಹಿಟ್ಟು ಒಣಗೋವಾಗ ಪುಡಿಪುಡಿ ಆಗ್ತೈತೆ. ತುಂಬಾ ಜನ ಅದಕ್ಕೆ ಬಿಸಿಲನ್ನ ಬೈತಾರೆ, ತಪ್ಪು ಒಲೆ ಮೇಲೆ ಆಗಿರ್ತೈತೆ. ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಬಿಸಿ ಇರೋವಾಗ್ಲೇ ಒತ್ರಿ. ಆರಿದ ಹಿಟ್ಟು ಒತ್ತಿದ್ರೆ ಎಳೆ ತುಂಡಾಗ್ತೈತೆ.

ಹಾಕೋದು ಹಳೇ ಹತ್ತಿ ಪಂಚೆ ಮೇಲೆ, ಪ್ಲಾಸ್ಟಿಕ್ ಶೀಟ್ ಬ್ಯಾಡ. ಶೀಟಿಂದ ಬಿಡಿಸೋದು ಸುಲಭ, ಖರೆ, ಆದ್ರೆ ಕೆಳಗಿನ ನೀರು ಅಲ್ಲೇ ಕೂತಿರ್ತೈತೆ. ಪಂಚೆ ನೀರು ಹೀರ್ತೈತೆ, ಮರುದಿನ ಹಿಂದಿನಿಂದ ನೀರು ಚಿಮುಕಿಸಿದ್ರೆ ತಾನೇ ಬಿಡ್ತೈತೆ. ಎರಡೂವರೆಗೆ ಪಂಚೆ ಸಮೇತ ಒಳಗೆ ತಂದು ಫ್ಯಾನ್ ಕೆಳಗೆ ಹರವ್ರಿ, ಮಡಚಿ ಇಡಬ್ಯಾಡ್ರಿ. ಎರಡನೇ ದಿನ ಬಿಡಿಸಿ ಮೊರದಾಗೆ ಹಾಕಿ ಬಿಸಿಲಿಗೆ. ಒಂದನ್ನ ಮುರಿದು ನೋಡ್ರಿ, ಟಕ್ ಅಂತ ಮುರೀಬೇಕು, ಬಗ್ಗಿದ್ರೆ ಆಗಿಲ್ಲ. ಆಮೇಲೆ ಒಂದನ್ನ ಕರಿದು ನೋಡ್ರಿ. ಒಂದೇ ಸಲ ಅರಳಿದ್ರೆ ಸರಿ, ನಡುವೆ ಗಟ್ಟಿ ಉಳಿದ್ರೆ ಇನ್ನೊಂದು ದಿನ. ಅಂಟು ಬಂದ್ರೆ, ಹುಳಿ ಹೊಡೆದ್ರೆ ಆಸೆ ಪಡದೆ ಚೆಲ್ಲಿಬಿಡ್ರಿ.

ದೊಡ್ಡಮ್ಮ ನಿಮ್ ಮೆಸೇಜ್ ಕೆಳಗೆ ಬರೆದು ಹಾಕಿದಾರೆ, ನಮ್ ಕಡೆ ದೊಡ್ಡ ಮಳೆ ಬರೋದೇ ಸೆಪ್ಟೆಂಬರ್-ಅಕ್ಟೋಬರ್‌ಗೆ, ಆಷಾಢದಾಗೆ ಹಾಕಿದ್ರಾಯ್ತು ಅಂತ. ಮಳೆ ಲೆಕ್ಕ ಸರಿ ದೊಡ್ಡಮ್ಮ. ವಾಣಿವಿಲಾಸ ಸಾಗರ ಡ್ಯಾಮ್ 1933 ಆದ್ಮೇಲೆ ಮತ್ತೆ ಕೋಡಿ ಬಿದ್ದಿದ್ದೂ 2022ರ ಸೆಪ್ಟೆಂಬರ್‌ನಾಗೇ. ಆದ್ರೆ ಆಷಾಢದಾಗೆ ದುರ್ಗದ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಗುಡ್ಡದ ಕಡೆ ಕರೆಂಟ್ ಮಾಡೋ ಗಾಳಿ ಫ್ಯಾನ್ ನೆಟ್ಟಿರೋದು ಸುಮ್ನೆ ಅಲ್ಲ. ಮೋಡದ ಕೆಳಗೆ ಬರೀ ಗಾಳಿಗೆ ಸಂಡಿಗೆ ಸಿಪ್ಪೆ ಮೊದ್ಲು ಬಿಗಿತೈತೆ, ಒಳಗಿನ ನೀರಿಗೆ ದಾರಿ ಇರಲ್ಲ. ಆಮೇಲೆ ಡಬ್ಬಿಯಾಗೆ ಬೂಸ್ಟು ಹಿಡೀತೈತೆ. ಜೊತೆಗೆ ಧೂಳು ಬೇರೆ.

ಮೆಣಸಿನಕಾಯಿ ಯಾಕೆ ಇವತ್ತೇ ಅಂದ್ರೆ, ಹಗಲು ಒಣಗಿದ್ದು ರಾತ್ರಿ ತಂಪಿಗೆ ಮತ್ತೆ ಪಸೆ ಹೀರ್ತೈತೆ, ಬ್ಯಾಡಗಿ ಆದ್ರೆ ಬಣ್ಣಾನೂ ಬಿಳಿಚ್ಕೊಳ್ತೈತೆ. ಕಿವಿ ಹತ್ರ ಅಲ್ಲಾಡಿಸಿದ್ರೆ ಬೀಜ ಗಿಲಗಿಲ ಅನ್ಬೇಕು. ತೊಟ್ಟಿನ ಹತ್ರ ಕಪ್ಪು, ಬೂಸ್ಟು ಇರೋದನ್ನ ಆರಿಸಿ ತೆಗೀರಿ, ಒರೆಸಿ ಸೇರಿಸ್ಬ್ಯಾಡ್ರಿ. ಪುಡಿ ಮಾಡಿಸೋದಿದ್ರೆ ಈ ವಾರವೇ ಗಿರಣಿಗೆ ಕಳಿಸ್ರಿ, ಮೆತ್ತಗಾದ ಕಾಯಿ ನುಣ್ಣಗೆ ಆಗಲ್ಲ. ಇನ್ನೊಂದು ಮುಖ್ಯ: ಬಿಸಿಲಿಂದ ತಂದ ಕೂಡ್ಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕ್ಬ್ಯಾಡ್ರಿ. ಬಿಸಿ ಆರೋವಾಗ ಮುಚ್ಚಳದ ಒಳಗೆ ನೀರು ಕಟ್ತೈತೆ. ಸಂಡಿಗೆ, ಬೇಳೆ, ಜೋಳ ಎಲ್ಲಕ್ಕೂ ಇದೇ ಮಾತು. ನೆರಳಿನಾಗೆ ಎರಡು ತಾಸು ಆರ್ಲಿ. ತೊಗರಿಬೇಳೆಗೆ ಕೇಜಿಗೆ ಒಂದು ಚಮಚ ಹರಳೆಣ್ಣೆ ಸವರಿದ್ರೆ ಹುಳ ಕಮ್ಮಿ. ಜೋಳದಾಗೆ ಬೇವಿನ ಸೊಪ್ಪು ಹಾಕೋರು ಸೊಪ್ಪು ಒಣಗಿಸಿ ಹಾಕ್ರಿ, ಹಸಿ ಸೊಪ್ಪೇ ಪಸೆ ಕೊಡ್ತೈತೆ.

ಕೂಲರ್ ಕೆಲ್ಸ ಮಾಡೋದು ಒಣ ಗಾಳಿಯಾಗೆ. ಕಿಟಕಿ ತೆಗೆದಿದ್ರೂ ಮೈ ಜಿಗಿಜಿಗಿ ಅಂದ ದಿನ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಹಾಕ್ಕೊಳ್ರಿ. ಕೂಲರ್ ಕಟ್ಟಿಡೋ ತಂಕ ವಾರಕ್ಕೊಂದ್ ಸಲ ನೀರು ಪೂರ್ತಿ ಖಾಲಿ ಮಾಡಿ ತೊಟ್ಟಿ ಉಜ್ರಿ, ಚೆಲ್ಲಿದ್ರೆ ಸಾಲದು. ಡೆಂಗಿ ಸೊಳ್ಳೆ ಮೊಟ್ಟೆ ಗೋಡೆಗೆ ಅಂಟಿರ್ತೈತೆ, ಒಣಗಿದ್ರೂ ತಿಂಗಳುಗಟ್ಟಲೆ ಬದುಕ್ತೈತೆ, ಮುಂದಿನ ವರ್ಷ ನೀರು ಬಿದ್ದ ಕೂಡ್ಲೇ ಮರಿ.

ಕಟ್ಟಿಡೋ ದಿನ ಮೊದ್ಲು ಪ್ಲಗ್ ತೆಗೀರಿ, ಆಮೇಲೆ ಕೈ ಹಾಕ್ರಿ. ಬೋರ್ ನೀರಿನ ಬಿಳಿ ಉಪ್ಪಿಗೆ ನಿಂಬೆಹುಳಿ ನೀರು ಹಚ್ಚಿ ಅರ್ಧ ತಾಸು ಬಿಟ್ಟು ತಿಕ್ರಿ. ಹುಲ್ಲಿನ ಪ್ಯಾಡ್ ಆದ್ರೆ ಬಿಸಾಕಿ, ಮುಂದಿನ ವರ್ಷ ಹೊಸದು. ಜೇನುಗೂಡಿನ ಥರದ್ದಾದ್ರೆ ಮೆಲ್ಲಗೆ ನೀರು ಬಿಟ್ಟು ತೊಳೀರಿ, ಬ್ರಷ್ ಬ್ಯಾಡ. ತಿರುಗಿ ಜೋಡಿಸಿ ನೀರಿಲ್ಲದೆ ಎರಡು ತಾಸು ಫ್ಯಾನ್ ಓಡಿಸ್ರಿ, ಪಂಪ್ ಸ್ವಿಚ್ ಮಾತ್ರ ಹಾಕ್ಬ್ಯಾಡ್ರಿ, ನೀರಿಲ್ಲದೆ ಓಡಿದ್ರೆ ಸುಟ್ಟು ಹೋಗ್ತೈತೆ. ಪೂರ್ತಿ ಒಣಗಿದ ಮೇಲೆ ಹಳೇ ಬೆಡ್‌ಶೀಟ್ ಮುಚ್ರಿ. ಪ್ಲಾಸ್ಟಿಕ್ ಬಿಗಿದ್ರೆ ಒಳಗೆ ಉಳಿದ ಪಸೆಗೆ ಮುಗ್ಗಲು ವಾಸನೆ ಹಿಡೀತೈತೆ, ಅದು ಮುಂದಿನ ಯುಗಾದಿ ತಂಕ ಬಿಡಲ್ಲ.